ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ

ಮಳೆಗಾಲ ಹಿಡಿದರೆ ಸಾಕು, ಕರಾವಳಿಯ ಉಚ್ಚಿಲ, ಕಾಪು ಕಡೆಯಿಂದ ಒಂದೇ ದೂರು: ಮನೆಯ ಶುಗರ್ ಮೀಟರಿನ ಅಂಕಿಯೇ ಬೇರೆ, ಲ್ಯಾಬಿನದ್ದೇ ಬೇರೆ. ನೂರಕ್ಕೆ 15ರಷ್ಟು ಹೆಚ್ಚುಕಡಿಮೆಯನ್ನು ನಿಯಮವೇ ಒಪ್ಪುತ್ತದೆ. ಅದನ್ನೂ ಮೀರಿದರೆ ಮೀಟರಿಗೆ ಬೈಯುವ ಮೊದಲು ಸ್ಟ್ರಿಪ್ಪನ್ನು ವಿಚಾರಿಸಿ. ಅದರಲ್ಲಿ ಒಣಗಿಸಿ ಕೂರಿಸಿದ ಕಿಣ್ವ, ಅಂದರೆ ಎನ್‌ಜೈಮ್ ಇದೆ.

ಕೂರಿಸುವುದೇಕೆ? ನೀರಿಗೆ ಸುರಿದ ಕಿಣ್ವವನ್ನು ವಾಪಸು ಹಿಡಿಯುವುದು ಕಷ್ಟ, ಮಾಲೂ ದುಬಾರಿ. ಇದ್ದಿಲಿಗೆ ಅಂಟಿದ ಮೇಲೂ ಇನ್ವರ್ಟೇಸ್ ಎಂಬ ಕಿಣ್ವ ಸಕ್ಕರೆಯನ್ನು ಒಡೆಯುತ್ತಲೇ ಇರುತ್ತದೆಂದು ವಿಜ್ಞಾನಿಗಳಾದ ನೆಲ್ಸನ್ ಮತ್ತು ಗ್ರಿಫಿನ್ 1916ರಲ್ಲೇ ಕಂಡರು. 1969ರಲ್ಲಿ ಜಪಾನಿನ ತನಾಬೆ ಕಂಪನಿ ಕೂರಿಸಿದ ಕಿಣ್ವದಿಂದ ಕಾರ್ಖಾನೆಯಲ್ಲೇ ಅಮೈನೋ ಆಮ್ಲ ತಯಾರಿಸಿತು. ಅಂಟಿಸಬಹುದು, ರಾಸಾಯನಿಕವಾಗಿ ಬೆಸೆಯಬಹುದು, ಕಿಣ್ವಗಳನ್ನೇ ಒಂದಕ್ಕೊಂದು ಹೆಣೆಯಬಹುದು.

ನನಗೆ ಇಷ್ಟ ಬಲೆಯ ವಿಧಾನ. ರಂಪಣಿ ಬಲೆ ಎಳೆದವರಿಗೆ ಬಿಡಿಸಿ ಹೇಳಬೇಕಿಲ್ಲ: ನೀರು ಹೋಗುತ್ತದೆ, ಬಂಗುಡೆ ಉಳಿಯುತ್ತದೆ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟಿಗೆ ಕಿಣ್ವ ಕಲಸಿ, ಕ್ಯಾಲ್ಸಿಯಂ ನೀರಿಗೆ ಹನಿಹನಿಯಾಗಿ ಬಿಟ್ಟರೆ ಸಾಬಕ್ಕಿಯಂಥ ಮಣಿಗಳಾಗುತ್ತವೆ. ಈ ಬಲೆಯ ಕಣ್ಣು ದೊಡ್ಡದಾದರೆ ಕಿಣ್ವ ಸೋರಿತು ಅನ್ನಿ. 1962ರಲ್ಲಿ ಅಮೆರಿಕದ ಕ್ಲಾರ್ಕ್ ಮತ್ತು ಲಯನ್ಸ್ ಗ್ಲೂಕೋಸ್ ಆಕ್ಸಿಡೇಸನ್ನು ತೆಳು ಪೊರೆಯ ಹಿಂದೆ ಸಿಕ್ಕಿಸಿದ್ದೂ ಇದೇ ಲೆಕ್ಕದಲ್ಲಿ. ಆ ಕಿಣ್ವದ ಅಣು ಗ್ಲೂಕೋಸಿನ ಅಣುವಿಗಿಂತ ಸುಮಾರು 900 ಪಟ್ಟು ಭಾರ. ಸಣ್ಣದು ಬಂದು ಹೋಗುತ್ತದೆ, ದೊಡ್ಡದು ಅಲ್ಲೇ. ಮತ್ತೊಮ್ಮೆ ಹೇಳುತ್ತೇನೆ: ಸಣ್ಣದು ಬಂದು ಹೋಗುತ್ತದೆ, ದೊಡ್ಡದು ಅಲ್ಲೇ. ನಿಮ್ಮ ಮೀಟರಿನ ಮುತ್ತಜ್ಜ ಅವರ ಆ ಸಾಧನವೇ.

ಒಮ್ಮೆ ಬಳಸಿ ಎಸೆಯುವ ಸ್ಟ್ರಿಪ್ಪಿಗೆ ಅಷ್ಟು ಗಟ್ಟಿ ಬಲೆ ಬೇಡ. ಕಿಣ್ವ ಮತ್ತು ಒಂದೆರಡು ರಾಸಾಯನಿಕಗಳು ಒಣ ಪದರವಾಗಿ ರಕ್ತದ ಹನಿಗೆ ಕಾಯುತ್ತವೆ. ರಕ್ತಕ್ಕಿಂತ ಮೊದಲು ಆಟಿ ತಿಂಗಳ ತೇವದ ಗಾಳಿ ತಾಗಿದರೆ? ಕರಿದ ಹಪ್ಪಳದ ಗತಿಯೇ. ಅಂಕಿ ಏರಲೂಬಹುದು, ಇಳಿಯಲೂಬಹುದು. ಫ್ರಿಜ್ಜಿನಲ್ಲಿಟ್ಟರೆ ಕೆಡುವುದಿಲ್ಲವೆಂದು ಯಾವ ಪುಣ್ಯಾತ್ಮರು ಹೇಳಿಕೊಟ್ಟರೋ! ಹೊರತೆಗೆದ ಕೂಡಲೇ ಅದು ಬೆವರುತ್ತದೆ, ಮಾರಾಯ್ರೆ. ನನ್ನ ಅಮ್ಮ ಸ್ಟ್ರಿಪ್ಪುಗಳನ್ನೆಲ್ಲ ಚಂದದ ಸ್ಟೀಲ್ ಕರಡಿಗೆಗೆ ಸುರಿದಿಟ್ಟಿದ್ದರು. ಒಂದು ವಾರ ನಾವು ಅವರ ಊಟವನ್ನು ದೂರಿದ್ದೇ ಬಂತು.

ಬಲೆಯ ಮಾತಿನಲ್ಲೇ ಸಮಯ ಹೋಯಿತು. ಸ್ಟ್ರಿಪ್ಪು ಕಂಪನಿಯ ಡಬ್ಬಿಯಲ್ಲೇ ಇರಲಿ, ತೇವ ಹೀರುವ ಏರ್ಪಾಡು ಅದರಲ್ಲಿದೆ. ಒಂದನ್ನು ತೆಗೆದ ಕೂಡಲೇ ಮುಚ್ಚಿ. ತೆರೆದ ದಿನವನ್ನು ಡಬ್ಬಿಯ ಮೇಲೆ ಬರೆಯಿರಿ. ಹಣ್ಣು ಮುಟ್ಟಿದ ಬೆರಳನ್ನು ತೊಳೆದು ಒರೆಸಿಕೊಳ್ಳಿ. ಅಂಕಿಯ ಮೇಲೆ ಅನುಮಾನ ಬಂದರೆ ಮಾತ್ರೆಯನ್ನು ನೀವೇ ಹೆಚ್ಚುಕಡಿಮೆ ಮಾಡಬೇಡಿ, ಲ್ಯಾಬಿನಲ್ಲಿ ನೋಡಿಸಿ ಡಾಕ್ಟರನ್ನು ಕೇಳಿ.