ವಿಷಾದವೂ ಒಂದು ಅಧ್ಯಾಯ
(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಗೀತೆಯ ಪಾರಾಯಣ ಮಾಡುವ ಹಿರಿಯರು ಈ ಸಭೆಯಲ್ಲಿದ್ದೀರಿ. ಅದರ ಮೊದಲ ಅಧ್ಯಾಯದ ಹೆಸರು ಅರ್ಜುನ ವಿಷಾದ ಯೋಗ. ಕೈಯಿಂದ ಬಿಲ್ಲು ಜಾರುತ್ತದೆ, ಬಾಯಿ ಒಣಗುತ್ತದೆ. ಶ್ರೀಕೃಷ್ಣನು ಮೊದಲು ಮಾಡಿದ್ದು ಗದರಿಸುವುದನ್ನೇ. ಫಲವೇನಾಯಿತು? ಅರ್ಜುನನು ತನ್ನಿಂದಾಗದೆಂದು ಮತ್ತೆ ಹೇಳಿ ಸುಮ್ಮನಾದ. ನಿಜವಾದ ಮಾತುಕತೆ ಆರಂಭವಾದದ್ದು ಅನಂತರವೇ. ಅವನಿಗಾದದ್ದು ಇಂದಿನ ವೈದ್ಯರು ಹೇಳುವ ಖಿನ್ನತೆಯೆಂದು ನಾನು ವಾದಿಸಲಾರೆ. ಗದರಿಕೆಯಿಂದ ಕುಗ್ಗಿದ ಮನಸ್ಸು ಏಳುವುದಿಲ್ಲವೆಂಬುದಷ್ಟನ್ನು ಅಲ್ಲಿಂದ ಎತ್ತಿಕೊಳ್ಳುತ್ತೇನೆ.

ದುಃಖ ಬೇರೆ, ಖಿನ್ನತೆ ಬೇರೆ. ಊರಲ್ಲಿ ತಂದೆ ತೀರಿಕೊಂಡರೆ ಅಳುತ್ತೇವೆ. ನಡುವೆ ಮೊಮ್ಮಗುವನ್ನು ಕಂಡು ನಗುವುದೂ ಉಂಟು. ಆದರೆ ಎರಡು ವಾರಕ್ಕೂ ಮಿಕ್ಕಿ ಮನಸ್ಸು ಕುಗ್ಗಿಯೇ ಇದ್ದು, ಮೊದಲು ಹಿತವಾದದ್ದು ಯಾವುದೂ ಹಿತವೆನಿಸದೆ, ನಿದ್ರೆ ಕೆಟ್ಟು, ಊಟ ಸೇರದೆ, ತಾನಿದ್ದೂ ಪ್ರಯೋಜನವಿಲ್ಲವೆಂದು ತೋರತೊಡಗಿದರೆ ಅದು ವೈದ್ಯರಿಗೆ ತೋರಿಸತಕ್ಕ ಕಾಯಿಲೆ. ನಮ್ಮ ಜನ ಮನಸ್ಸಿನ ಮಾತನ್ನು ಆಡುವುದು ಕಡಿಮೆ. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವನು, “ತಲಿ ಭಾರ ಆಗೇತ್ರಿ, ಮೈಯಾಗ ಕಸುವಿಲ್ಲ” ಎನ್ನುತ್ತಾನೆ. ಗುಮಾಸ್ತನು ಹೊಟ್ಟೆನೋವೆಂದು ರಜೆಯ ಅರ್ಜಿ ಬರೆಯುತ್ತಾನೆ.

ನಾನೇ ಒಂಬತ್ತು ವರ್ಷಗಳಿಂದ ಇದರೊಡನೆ ಬಾಳುತ್ತಿದ್ದೇನೆ. ಮೊದಲ ಸಲ ಬಂದಾಗ ಪತ್ರಿಕೆಯ ಒಂದು ಕಾಲಮನ್ನೂ ಓದಲಾಗುತ್ತಿರಲಿಲ್ಲ. ಗುಳಿಗೆಯ ಗುಣ ಕಾಣಲು ಕೆಲವು ವಾರ ಬೇಕೆಂದೂ, ಗುಣವೆನಿಸಿದೊಡನೆ ತಾನಾಗಿ ನಿಲ್ಲಿಸಕೂಡದೆಂದೂ ವೈದ್ಯರು ಹೇಳಿದರು. ಇನ್ನೊಂದು ಮಾತನ್ನೂ ಹೇಳಿದರು: ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆಂದು ಕಾಯಬೇಡಿ, ಚಿಕ್ಕದೊಂದು ಕೆಲಸ ಮಾಡಿ, ಮನಸ್ಸು ಹಿಂದಿನಿಂದ ಬಂದೀತು. ಓದಲಾಗದವನು ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ತಾರೀಖಿನಂತೆ ಜೋಡಿಸತೊಡಗಿದೆ. ಒಂದು ದಿನ ಜೋಡಿಸುತ್ತಿದ್ದ ಹಾಗೆಯೇ ಒಂದು ಸುದ್ದಿಯನ್ನು ಪೂರ್ತಿ ಓದಿಬಿಟ್ಟಿದ್ದೆ! ಅದು ಮಳೆಯ ಸುದ್ದಿ. ಅಂಥ ರುಚಿಯ ಸುದ್ದಿಯೇನಲ್ಲ.

ಕಾಯಿಲೆಯೇ ವರವೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದು ನನ್ನಿಂದ ಕಸಿದುಕೊಂಡದ್ದು ಬಹಳ. ಆದರೂ ಅದರ ಜೊತೆಯಲ್ಲಿಯೇ ಕೆಲವನ್ನು ಕಲಿತೆ. ನಸುಕಿನ ಮೂರಕ್ಕೆ ಎಚ್ಚರವಾಗತೊಡಗಿದರೆ ಅದು ಮರಳುತ್ತಿದೆಯೆಂದು ತಿಳಿಯುತ್ತದೆ. ವೈದ್ಯರ ಬಳಿ ಹೋಗುತ್ತೇನೆ. ಸಹಾಯ ಬೇಡಲು ಮೊದಲು ಬರುತ್ತಿರಲಿಲ್ಲ, ಈಗ ಬರುತ್ತದೆ. ಇನ್ನೊಬ್ಬನ ಮೌನವನ್ನೂ ತುಸು ಗುರುತಿಸಬಲ್ಲೆ.

ಈ ಮಾತಿಗೆ ನಮ್ಮ ಪುಣೆಯದೇ ಒಂದು ನಿದರ್ಶನವಿದೆ. ಸುಮಿತ್ರಾ ಭಾವೆ, ಸುನೀಲ ಸುಕ್ಥಣಕರ ಇವರು ನಿರ್ದೇಶಿಸಿದ ‘ಕಾಸವ’ ಎಂಬ ಮರಾಠಿ ಚಿತ್ರಕ್ಕೆ 2017ರಲ್ಲಿ ಸ್ವರ್ಣಕಮಲ ಬಂದಿತು. ಅದರ ನಿರ್ಮಾಪಕರಲ್ಲಿ ಒಬ್ಬರಾದ ಡಾ. ಮೋಹನ ಆಗಾಶೆ ಮನೋವೈದ್ಯರು, ನಟರೂ ಹೌದು. ಕಾಸವ ಎಂದರೆ ಆಮೆ. ಸಾಯಹೊರಟಿದ್ದ ತರುಣನೊಬ್ಬನಿಗೆ ಜಾನಕಿ ಎಂಬವಳು ಕೊಂಕಣದ ಕಡಲತೀರದ ಮನೆಯಲ್ಲಿ ಆಸರೆ ಕೊಡುತ್ತಾಳೆ. ಅವಳೇನು ಪೂರ್ತಿ ಗುಣವಾದವಳಲ್ಲ, ತಾನೂ ಖಿನ್ನತೆಯೊಡನೆ ಹೆಣಗುತ್ತಿರುವವಳು. ಉಪದೇಶವಿಲ್ಲ, ವಿಚಾರಣೆಯಿಲ್ಲ. ನನಗೆ ಚಿತ್ರದಲ್ಲಿ ಹಿಡಿಸಿದ್ದು ಅದೇ.

ನಮ್ಮ ಖೋಲಿಗಳಲ್ಲಿ ನಾಲ್ಕಾರು ಜನ ಕೂಡಿ ಇರುತ್ತೇವೆ. ಒಬ್ಬನು ಡಬ್ಬಿ ಬಿಚ್ಚದೆ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ, ಸೋಮಾರಿ ಎನ್ನಬೇಡಿ. ಕುಡಿಸಿ ಮರೆಸಲು ಹೋಗಬೇಡಿ. ಮದ್ಯ ಅದನ್ನು ಹೆಚ್ಚಿಸುತ್ತದೆ. ಸಾಯುವ ಯೋಚನೆ ಬರುತ್ತದೇನಪ್ಪಾ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟೀತೆಂಬ ಭಯಕ್ಕೆ ಆಧಾರವಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಕರೆದುಕೊಂಡು ಹೋಗಿ. ಸಸೂನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಯರವಡೆಯ ಹೆಸರನ್ನು ಈ ಊರಲ್ಲಿ ಚೇಷ್ಟೆಗೆ ಬಳಸುತ್ತಾರೆ. ಅಲ್ಲಿಯ ಮನೋರುಗ್ಣಾಲಯದಲ್ಲಿ ತೋರಿಸಿಕೊಂಡು ಅದೇ ದಿನ ಮನೆಗೆ ಮರಳುವವರೂ ಇದ್ದಾರೆಂಬುದು ಚೇಷ್ಟೆ ಮಾಡುವವರಿಗೆ ತಿಳಿಯದು.

2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಫೋನು ಮಾಡಿದರೆ ಹಗಲು ರಾತ್ರಿ ಪುಕ್ಕಟೆಯಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ಆ ಸಂಖ್ಯೆಯನ್ನು ಪತ್ರಿಕೆಗಳ ಮೇಜಿನ ಮೇಲಿನ ಫಲಕದಲ್ಲಿ ಬರೆಸಿದೆ. ಬರೆದುಕೊಳ್ಳಲು ಸಂಕೋಚವಾದರೆ ಪಕ್ಕದ ಡಬ್ಬಿಯಲ್ಲಿ ಚೀಟಿಗಳಿವೆ. ಯಾರನ್ನೂ ಕೇಳಬೇಕಾಗಿಲ್ಲ, ಒಂದು ತೆಗೆದುಕೊಳ್ಳಿ.