ಐದನೇ ತಾರೀಖು ಎಂಟಾದಾಗ: ಶೀಟ್‌ನಲ್ಲಿ ಡೇಟ್ ಕೈಕೊಟ್ಟ ಕಥೆ

ಇವತ್ತು ಸ್ಪ್ರೆಡ್‌ಶೀಟ್‌ನಲ್ಲಿ ಡೇಟ್ ಹಾಕೋ ವಿಷಯ ಮಾತಾಡೋಣ. ಬೋರಿಂಗ್ ಅನ್ಸುತ್ತೆ ಅಲ್ವಾ? ನನಗೂ ಹಾಗೇ ಅನ್ಸಿತ್ತು, ಒಂದು ಮನೆಯವರ ಮುಂದೆ ತಲೆ ತಗ್ಗಿಸಿ ಕ್ಷಮೆ ಕೇಳೋವರೆಗೆ.

ಗೋವಿಂದರಾಜನಗರದಲ್ಲಿ ನಮ್ಮ ಸೋದರಮಾವನಿಗೆ ಆರು ಬಾಡಿಗೆ ಮನೆಗಳಿವೆ. ಅಗ್ರಿಮೆಂಟ್ ಎಲ್ಲಾ ಹನ್ನೊಂದು ತಿಂಗಳದ್ದು. ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು, ಅದಕ್ಕೇ ಬೆಂಗಳೂರಲ್ಲಿ ಸುಮಾರು ಜನ ಹನ್ನೊಂದಕ್ಕೇ ನಿಲ್ಲಿಸ್ತಾರೆ. ಮಾವನ ಡೈರಿ ನೋಡಿ ನಾನೊಂದು ಗೂಗಲ್ ಶೀಟ್ ಮಾಡಿಕೊಟ್ಟೆ. ಶುರುವಾದ ದಿನ ಹಾಕಿದರೆ ‘ಇಡೇಟ್’ ಫಾರ್ಮುಲಾ ಹನ್ನೊಂದು ತಿಂಗಳು ಕೂಡಿಸಿ ಮುಗಿಯೋ ದಿನ ಹೇಳುತ್ತೆ.

2025ರ ಮಾರ್ಚ್‌ನಲ್ಲಿ ಶೀಟ್ ನೋಡಿದ ಮಾವ ಮೊದಲ ಮಹಡಿಯವರಿಗೆ, ‘ಏಪ್ರಿಲ್ 8ಕ್ಕೆ ಮುಗಿಯುತ್ತೆ, ಮುಂದೇನು ಅಂತ ಹೇಳ್ಬಿಡಿ’ ಅಂದರು. ಅವರ ಮಗಳಿಗೆ ಅದೇ ತಿಂಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವರಮ್ಮ ಅಗ್ರಿಮೆಂಟ್ ಕಾಗದ ಹಿಡಿದುಕೊಂಡು ಬಂದರು: ‘ಅಣ್ಣಾ, ಜುಲೈವರೆಗೂ ಇದೆಯಲ್ಲ?’

ಕಾಗದದಲ್ಲಿದ್ದದ್ದು 5 ಆಗಸ್ಟ್ 2024. ನಾನು ಟೈಪ್ ಮಾಡಿದ್ದು 05/08/2024. ಆದರೆ ನನ್ನ ಶೀಟ್‌ನ ಲೊಕೇಲ್ ಅಮೆರಿಕದ್ದು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಶೀಟ್ ಅದನ್ನು ಮೇ 8 ಅಂತ ಓದಿಕೊಂಡಿತ್ತು. ಸೆಲ್‌ನಲ್ಲಿ ಮಾತ್ರ ಹಾಕಿದ ಹಾಗೇ ಕಾಣ್ತಿತ್ತು!

ಸೂಚನೆ ಮೊದಲೇ ಸಿಕ್ಕಿತ್ತು. ಇನ್ನೊಂದು ಮನೆಯ 18/08/2024 ಸೆಲ್‌ನ ಎಡಕ್ಕೆ ಅಂಟಿಕೊಂಡಿತ್ತು, ಫಾರ್ಮುಲಾ ‘ವ್ಯಾಲ್ಯೂ’ ಎರರ್ ಕೊಡ್ತಿತ್ತು. ಹದಿನೆಂಟನೇ ತಿಂಗಳು ಇಲ್ಲವಲ್ಲ, ಹಾಗಾಗಿ ಶೀಟ್ ಅದನ್ನು ಬರೀ ಅಕ್ಷರ ಅಂದುಕೊಂಡಿತ್ತು. ‘ಆಮೇಲೆ ನೋಡೋಣ’ ಅಂತ ಬಿಟ್ಟಿದ್ದೆ. ಎರರ್ ತೋರಿಸೋ ಸೆಲ್ ಅಪಾಯ ಅಲ್ಲ ಕಣ್ರೀ, ಸುಮ್ಮನೆ ಒಪ್ಪಿಕೊಳ್ಳೋ ಸೆಲ್ ಅಪಾಯ. ವರ್ಷದಲ್ಲಿ ಹೀಗೆ ಸದ್ದಿಲ್ಲದೆ ಅದಲುಬದಲಾಗೋ ದಿನಗಳು 132!

ಸರಿ ಮಾಡೋದು ಹೇಗೆ? ಕಂಪ್ಯೂಟರ್‌ನಲ್ಲಿ ಶೀಟ್ ತೆಗೆದು ಫೈಲ್, ಸೆಟ್ಟಿಂಗ್ಸ್, ಲೊಕೇಲ್‌ನಲ್ಲಿ ಇಂಡಿಯಾ ಆರಿಸಿ. ಆದರೆ ಈಗಾಗಲೇ ತಪ್ಪಾಗಿ ಕೂತಿರೋ ಡೇಟ್‌ಗಳು ಅದರಿಂದ ಸರಿಹೋಗಲ್ಲ. ಮೂಲ ಕಾಗದ ನೋಡಿ ಮತ್ತೆ ಟೈಪ್ ಮಾಡಬೇಕು. ನಾನು ಆರೂ ಮನೆಯದ್ದು ಹಾಗೇ ಮಾಡಿದೆ.

ಪರೀಕ್ಷಿಸೋಕೆ ಖಾಲಿ ಸೆಲ್‌ನಲ್ಲಿ 25/12/2025 ಹಾಕಿ. ಬಲಕ್ಕೆ ಹೋದರೆ ಡೇಟ್, ಎಡಕ್ಕೇ ನಿಂತರೆ ಅಕ್ಷರ. ಆಮೇಲೆ ಇಡೀ ಕಾಲಂಗೆ ತಿಂಗಳ ಹೆಸರು ಕಾಣೋ ಫಾರ್ಮ್ಯಾಟ್ ಕೊಡಿ, ತಪ್ಪಾಗಿದ್ದರೆ ಕಣ್ಣಿಗೇ ಹೊಡೆಯುತ್ತೆ. ಡೇಟ್ ಬದಲು 45755 ಥರ ನಂಬರ್ ಬಂದರೆ ಗಾಬರಿ ಬೇಡ. ಶೀಟ್ ಒಳಗೊಳಗೇ ದಿನಗಳನ್ನು ಎಣಿಸಿ ಇಟ್ಟುಕೊಳ್ಳುತ್ತೆ. ಅದು 2025ರ ಏಪ್ರಿಲ್ 8ರ ನಂಬರ್. ಫಾರ್ಮ್ಯಾಟ್‌ನಲ್ಲಿ ಡೇಟ್ ಆರಿಸಿದರೆ ಸಾಕು.

ಅವತ್ತೇ ಮಾವನೂ ನಾನೂ ಮಹಡಿ ಹತ್ತಿ ಕ್ಷಮೆ ಕೇಳಿದ್ವಿ. ‘ಮಗು ಎರಡು ದಿನ ಓದಲಿಲ್ಲಪ್ಪಾ’ ಅಂದರು ಆಯಮ್ಮ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಮಾವ ಡೈರಿಯನ್ನೂ ಶೀಟನ್ನೂ ತಾಳೆ ನೋಡದೆ ಯಾರ ಬಾಗಿಲೂ ತಟ್ಟಲ್ಲ. ನಿಮ್ಮ ಶೀಟನ್ನೂ ಇವತ್ತೇ ಒಂದ್ಸಲ ತೆಗೆದು ನೋಡಿ. ಮತ್ತೆ ಸಿಗೋಣ!