ರಾಗಿಯ ತೌರೂರು

ಹಿಡುವಳಿದಾರರ ಮತ್ತು ಪಟೇಲರ ಸಭೆಯಲ್ಲಿ ಮಾಡಿದ ಉಪನ್ಯಾಸ



ಹಳೆಯ ಮೈಸೂರು ಸೀಮೆಯ ರೈತನೊಬ್ಬನನ್ನು ಕುರಿತು, ರಾಗಿಯು ಯಾವ ದೇಶದ ಧಾನ್ಯವೆಂದು ಕೇಳಿದರೆ ಆತನು ನಕ್ಕಾನು. ತಾತ ಮುತ್ತಾತಂದಿರು ಬಿತ್ತಿ ಬೆಳೆದದ್ದು ಅದು. ಅಷ್ಟೇ ಅಲ್ಲದೆ, ಯಾರೂ ಬಿತ್ತದಿದ್ದರೂ ಹೊಲದ ಬದುವಿನ ಮೇಲೆ ರಾಗಿಯ ತೆನೆಯನ್ನೇ ಹೋಲುವ ಕಾಡುಹುಲ್ಲು ತಾನಾಗಿ ಏಳುವುದನ್ನು ಆತನು ವರ್ಷವರ್ಷವೂ ಕಂಡಿರುವನು. ಇದಕ್ಕಿಂತ ಬೇರೆ ಸಾಕ್ಷ್ಯವೇತಕ್ಕೆ? ವಿದ್ವಾಂಸರು ಸಹ ಬಹುಕಾಲ ಹೀಗೆಯೇ ಎಣಿಸಿದ್ದರು. ಬೆಳೆಗಳ ಮೂಲಸ್ಥಾನಗಳನ್ನು ಕುರಿತು 19ನೆಯ ಶತಮಾನದಲ್ಲಿ ಗ್ರಂಥವನ್ನು ಬರೆದ ದ ಕಾಂದೋಲ್ ಎಂಬ ಸಸ್ಯಶಾಸ್ತ್ರಜ್ಞನು ರಾಗಿಯು ಇಂಡಿಯಾ ದೇಶದ್ದೆಂದೇ ಅಭಿಪ್ರಾಯಪಟ್ಟನು.

ಆದರೆ ಸಸ್ಯದ ಜೀವಕಣಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡತೊಡಗಿದ ಮೇಲೆ ಈ ಎಣಿಕೆ ನಿಲ್ಲಲಿಲ್ಲ. ಪ್ರತಿಯೊಂದು ಜೀವಕಣದೊಳಗೂ ವಂಶಗುಣಗಳನ್ನು ಹೊತ್ತ ವರ್ಣತಂತುಗಳಿರುವುವು. ರಾಗಿಯಲ್ಲಿ ಇವು 36. ನಮ್ಮ ಬದುವಿನ ಹುಲ್ಲಿನಲ್ಲಾದರೋ 18 ಮಾತ್ರ. ಆದಕಾರಣ ಆ ಹುಲ್ಲು ರಾಗಿಯ ವಂಶಕ್ಕೆ ಸೇರಿದ್ದು ನಿಜವಾದರೂ ರಾಗಿಯು ಅದರಿಂದ ನೇರವಾಗಿ ಇಳಿದುಬಂದದ್ದಲ್ಲ. 36 ವರ್ಣತಂತುಗಳುಳ್ಳ, ರಾಗಿಯೊಡನೆ ಸುಲಭವಾಗಿ ಬೆರೆಯುವ ಕಾಡುಸಸ್ಯವು ದೊರೆತದ್ದು ಆಫ್ರಿಕಾ ಖಂಡದಲ್ಲಿ. ಇಥಿಯೋಪಿಯದಿಂದ ಯುಗಾಂಡದವರೆಗೆ ಹಬ್ಬಿರುವ ಎತ್ತರದ ಸೀಮೆಗಳೇ ರಾಗಿಯ ತೌರೂರೆಂದು ಈಗ ಎಲ್ಲರೂ ಒಪ್ಪಿರುವರು.

ಆ ಸೀಮೆಯಲ್ಲಿ ರಾಗಿಯನ್ನು ಉಣ್ಣುವ ರೀತಿಯು ನಮ್ಮವರಿಗೆ ಆಶ್ಚರ್ಯವನ್ನುಂಟುಮಾಡತಕ್ಕದ್ದು. ಪಶ್ಚಿಮ ಯುಗಾಂಡದ ಜನರು ಕುದಿಯುವ ನೀರಿಗೆ ರಾಗಿಯ ಹಿಟ್ಟನ್ನು ಹಾಕಿ, ಮರದ ಕೋಲಿನಿಂದ ಗಟ್ಟಿಯಾಗಿ ತಿರುವಿ, ಬೆಂದ ಮುದ್ದೆಯನ್ನು ಕೈಯಿಂದ ಮುರಿದು ಮೇಲೋಗರದಲ್ಲಿ ಅದ್ದಿ ನುಂಗುವರು. ಅದಕ್ಕೆ ಅವರು ಕಾಲೊ ಎನ್ನುವರು. ನಮ್ಮ ಹೆಂಗಸರ ಕೈಯಲ್ಲಿರುವ ಹಿಟ್ಟಿನ ಕೋಲನ್ನು ಅಲ್ಲಿಯ ಹೆಂಗಸರಿಗೆ ಕೊಟ್ಟರೆ ಅದೇನೆಂದು ಕೇಳುವ ಪ್ರಮೇಯವೇ ಬಾರದು. ಇಥಿಯೋಪಿಯದಲ್ಲಿ ಇದಕ್ಕೆ ದಗುಸ ಎಂದು ಹೆಸರು. ಅಲ್ಲಿ ಅದರಿಂದ ರೊಟ್ಟಿಯನ್ನೂ, ಮೊಳಕೆ ಕಟ್ಟಿ ಹುಳಿಸಿ ಮದ್ಯವನ್ನೂ ಮಾಡುವರು. ಮುದ್ದೆಯ ಜೊತೆಯ ಸಾರಿನೊಳಗಿನ ಮೆಣಸಿನಕಾಯಿಯಾದರೋ ಇನ್ನೂ ಹೊಸ ನೆಂಟ. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲೀಕೋಟೆಗೆ ಬಂದ ತರುವಾಯ ಪೋರ್ಚುಗೀಸರ ಹಡಗುಗಳಲ್ಲಿ ಬಂದ ಅಮೆರಿಕಾ ಖಂಡದ ಗಿಡವದು. ಅದಕ್ಕೆ ಮುಂಚೆ ಸಾರಿಗೆ ಕರಿಮೆಣಸಿನ ಖಾರವೇ ಗತಿ.

ರಾಗಿಯು ಕಡಲನ್ನು ದಾಟಿ ಬಂದದ್ದು ಮಾತ್ರ ಬಹು ಹಿಂದೆ. ತುಂಗಭದ್ರೆಯ ದಡದಲ್ಲಿ, ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಹಳ್ಳೂರಿನ ದಿಬ್ಬವನ್ನು 1965ರಲ್ಲಿ ಅಗೆದಾಗ ಸುಟ್ಟು ಕರಿಯಾದ ಕಾಳುಗಳು ಸಿಕ್ಕಿದವು. ಇಂಥ ಹಳೆಯ ನೆಲೆಗಳಿಂದ ರಾಗಿಯೆಂದು ಮೊದಲು ಗುರುತಿಸಿದ ಕಾಳುಗಳಲ್ಲಿ ಅನೇಕವು ಬೇರೆ ಕಿರುಧಾನ್ಯಗಳೆಂದು ಪುನಃ ಪರೀಕ್ಷಿಸಿದವರು ಹೇಳಿರುವರು. ಹಾಗಿದ್ದರೂ ಸುಮಾರು 3000 ವರ್ಷಗಳ ಹಿಂದೆಯೇ ರಾಗಿಯು ಈ ನೆಲವನ್ನು ಮುಟ್ಟಿತ್ತೆಂದು ಹಳ್ಳೂರಿನ ಆಧಾರದಿಂದ ಎಣಿಸುವುದುಂಟು. ಅಷ್ಟು ತಲೆಮಾರುಗಳ ರೈತರು ತಮ್ಮ ತಮ್ಮ ಮಳೆಗೂ ಮಣ್ಣಿಗೂ ಒಗ್ಗಿದ ತೆನೆಗಳನ್ನು ಆರಿಸಿ ಆರಿಸಿ, ಹಸಿರುಕಂಬಿ, ಹುಲ್ಲುಬಿಳಿ, ಗಿಡ್ಡ ರಾಗಿ, ಜೇನುಮುದ್ದೆ ಮೊದಲಾದ ಜಾತಿಗಳನ್ನು ಮಾಡಿಕೊಂಡರು. ಹೊರಗಿನಿಂದ ಬಂದದ್ದು ನಮ್ಮದಾದದ್ದು ಈ ಕೆಲಸದಿಂದಲೇ.

16ನೆಯ ಶತಮಾನದಲ್ಲಿ ಕನಕದಾಸರು ರಚಿಸಿದ ರಾಮಧಾನ್ಯ ಚರಿತ್ರೆಯ ಕಥೆಯನ್ನು ಹಳ್ಳಿಗಳಲ್ಲಿ ಅರಿಯದವರು ಕಡಮೆ. ಭತ್ತವೂ ರಾಗಿಯೂ ತಾವು ಹೆಚ್ಚೆಂದು ಜಗಳವಾಡಲು, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನು. ಭತ್ತವು ಕೆಟ್ಟಿತು, ರಾಗಿಯು ಕೆಡದೆ ಉಳಿದು ರಾಘವನ ಹೆಸರನ್ನೇ ಪಡೆಯಿತು. ಹೆಸರಿನ ವಿಚಾರವು ಹೇಗಾದರೂ ಇರಲಿ, ಸೆರೆಮನೆಯ ಸಂಗತಿಯು ರೈತರು ಕಣ್ಣಾರೆ ಕಂಡದ್ದು. ಕಾಳು ಬಹು ಸಣ್ಣದು, ಸಿಪ್ಪೆ ಬಿರುಸು. ನುಸಿಹುಳುವಿಗೆ ಒಳಹೊಕ್ಕು ಬೆಳೆಯಲು ಅದರಲ್ಲಿ ಎಡೆಯಿಲ್ಲ. ಆದ್ದರಿಂದಲೇ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿದ ರಾಗಿಯು ವರ್ಷಗಟ್ಟಲೆ ಕೆಡದೆ ಇರುತ್ತಿದ್ದಿತು. ಎಷ್ಟು ಹಗೇವುಗಳಿದ್ದರೂ ಸಾಲದ ಕಾಲವೂ ಬಂದಿತೆನ್ನಿ. 1876ರಿಂದ 1878ರವರೆಗಿನ ಕ್ಷಾಮದಲ್ಲಿ ಮಳೆಗಳು ಒಂದರ ಮೇಲೊಂದು ತಪ್ಪಿದವು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು.

1913ರಲ್ಲಿ ಸಂಸ್ಥಾನದ ವ್ಯವಸಾಯದ ಇಲಾಖೆಯು ಏರ್ಪಟ್ಟು, ಡಾಕ್ಟರ್ ಲೆಸ್ಲಿ ಕೋಲ್‌ಮನ್ ಅವರು ಅದರ ಡೈರೆಕ್ಟರಾದರು. ಆ ಕಾಲದಲ್ಲಿ ನಾಟಿ ರಾಗಿಗಳೊಳಗಿಂದ ಉತ್ತಮವಾದ ಗಿಡಗಳನ್ನು ಆರಿಸಿ, ಎಚ್. 22 ಎಂಬ ತಳಿಯನ್ನು ರೈತರಿಗೆ ಕೊಟ್ಟರು. ಆದರೆ ಆರಿಸುವುದರಿಂದ ಆಗುವ ಲಾಭಕ್ಕೆ ಒಂದು ಮಿತಿಯುಂಟು. ಮೂಟೆಯಲ್ಲಿ ಇಲ್ಲದ ಗುಣವನ್ನು ಎಷ್ಟು ಜರಡಿಯಾಡಿದರೂ ಹೊರಗೆ ತೆಗೆಯಲಾಗದಷ್ಟೆ. ನಮ್ಮ ರಾಗಿಗಳಲ್ಲಿ ಬಹುಪಾಲು ಬೆಂಕಿರೋಗಕ್ಕೆ ಸುಲಭವಾಗಿ ತುತ್ತಾಗುತ್ತಿದ್ದವು. ತೆನೆಯ ಕುತ್ತಿಗೆಗೆ ಈ ರೋಗವು ತಗುಲಿತೆಂದರೆ ಕಾಳು ಜೊಳ್ಳಾಗುವುದು. ಕಣಕ್ಕೆ ಬರುವುದು ಹುಲ್ಲು ಮಾತ್ರ.

ಆಗ ನೆನಪಾದದ್ದು ತೌರೂರು. ಮಂಡ್ಯದ ವಿ. ಸಿ. ಫಾರಂನಲ್ಲಿ ಕೆಲಸ ಮಾಡಿದ, ಜನರು ರಾಗಿ ಲಕ್ಷ್ಮಣಯ್ಯನವರೆಂದೇ ಕರೆದ ಸಿ. ಎಚ್. ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿದರು. ಆಫ್ರಿಕದ್ದು ದಪ್ಪ ಕಂಬಿ, ದೊಡ್ಡ ತೆನೆ, ರೋಗವನ್ನು ತಡೆಯುವ ಶಕ್ತಿಯುಳ್ಳದ್ದು. ಆದರೆ ಕಟಾವಿಗೆ ತಡ. ನಮ್ಮದು ಬೇಗ ಮಾಗತಕ್ಕದ್ದು. ರಾಗಿಯ ಹೂವು ಕಣ್ಣಿಗೆ ಕಾಣಿಸದಷ್ಟು ಸಣ್ಣದು, ತನ್ನ ಪರಾಗದಿಂದಲೇ ತಾನು ಕಾಳುಕಟ್ಟತಕ್ಕದ್ದು. ಅಂಥ ಬೆಳೆಯಲ್ಲಿ ಎರಡು ಜಾತಿಗಳನ್ನು ಬೆರೆಸುವುದೆಂದರೆ ವರ್ಷಗಳ ತಾಳ್ಮೆಯ ಕೆಲಸ. ಹುಟ್ಟಿದ ಸಂತತಿಗೆ ಇಂಡಿಯಾ, ಆಫ್ರಿಕಾ ಎಂಬ ಎರಡು ಹೆಸರುಗಳನ್ನೂ ಸೇರಿಸಿ ಇಂಡಾಫ್ ಎಂದು ಕರೆದರು. 1970ರ ದಶಕದಿಂದ ಇಂಡಾಫ್ ತಳಿಗಳು ಹೊಲಗಳಿಗೆ ಇಳಿದವು. ತರುವಾಯ 1990ರ ದಶಕದಲ್ಲಿ ಬಂದ, ಬೆಂಕಿರೋಗವನ್ನು ಚೆನ್ನಾಗಿ ತಡೆದುಕೊಳ್ಳುವ ಜಿ.ಪಿ.ಯು. 28ರ ವಂಶದಲ್ಲಿಯೂ ಇಂಡಾಫ್ ಇರುವುದು. ಯುಗಾಂಡದ ಕಡೆಯ ಬಡರೈತರು ಅಕ್ಕಿಗೋ ಜೋಳಕ್ಕೋ ಮರುಳಾಗಿ ತಮ್ಮ ಬೀಜವನ್ನು ಕಳೆದುಕೊಂಡಿದ್ದರೆ ಈ ಕೆಲಸವು ಎಲ್ಲಿಂದ ಆಗುತ್ತಿದ್ದಿತು?

ನಮ್ಮಲ್ಲಿ ಮರುಳಾದವರಿಲ್ಲವೆಂದಲ್ಲ. ಮುದ್ದೆ ಬಡವರದು, ಅನ್ನ ಸ್ಥಿತಿವಂತರದು ಎಂಬ ಭಾವನೆಯಿಂದ ರಾಗಿಯನ್ನು ಅಡಿಗೆಮನೆಯಿಂದ ಹೊರಗಿಟ್ಟ ಮನೆತನಗಳು ಎಷ್ಟೋ ಉಂಟು. ಮೂಳೆಗೆ ಬೇಕಾದ ಸುಣ್ಣದ ಸತ್ತ್ವವು 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಇದ್ದರೆ, ಅಷ್ಟೇ ಅಕ್ಕಿಯಲ್ಲಿ 10ರ ಸುಮಾರು. ಇದನ್ನು ತಿಳಿದ ಪೇಟೆಯವರು ಈಗ ರಾಗಿಯನ್ನು ಹುಡುಕಿಕೊಂಡು ಹೋಗುತ್ತಿರುವರು. 2023ನ್ನು ವಿಶ್ವಸಂಸ್ಥೆಯು ಕಿರುಧಾನ್ಯಗಳ ವರ್ಷವೆಂದು ಸಾರಿತು. ಆದರೆ ಬೇಡಿಕೆ ಬಂದಾಗ ಎಲ್ಲರೂ ಒಂದೆರಡು ತಳಿಗಳನ್ನೇ ಬಿತ್ತುವರು, ನಾಟಿ ಜಾತಿಗಳು ಸದ್ದಿಲ್ಲದೆ ಅಳಿದುಹೋಗುವುವು. ರೋಗದ ಬೂಷ್ಟೂ ಕಾಲಕ್ರಮದಲ್ಲಿ ಬದಲಾಗುತ್ತ ಹೋಗುವ ಜೀವಿಯೇ. ಇಂದು ತಡೆಯುವ ತಳಿಯು ಎಂದೆಂದಿಗೂ ತಡೆಯುವುದೆಂಬ ಭರವಸೆಯಿಲ್ಲ.

ಆದುದರಿಂದ ಹೊಸ ತಳಿಯನ್ನು ಬಿತ್ತುವ ಹಿಡುವಳಿದಾರರು ಹೊಲದ ಒಂದು ಮಗ್ಗುಲಲ್ಲಿ ನಾಲ್ಕು ಸಾಲು ನಾಟಿ ರಾಗಿಯನ್ನು ಹಾಕಿಕೊಳ್ಳತಕ್ಕದ್ದು. ಮೇಲೆ ಹೇಳಿದಂತೆ ರಾಗಿಯು ತನ್ನ ಪರಾಗದಿಂದಲೇ ಕಾಳುಕಟ್ಟುವುದರಿಂದ ಪಕ್ಕದ ಸಾಲಿನೊಡನೆ ಬೆರೆತು ಜಾತಿ ಕೆಡುವ ಭಯ ಬಹು ಸ್ವಲ್ಪ. ಕಣದಲ್ಲಿ ರಾಶಿಯಿಂದ ಬೀಜವನ್ನು ಎತ್ತಿಡುವ ವಾಡಿಕೆ ಒಳ್ಳೆಯದಲ್ಲ; ಅಲ್ಲಿ ಎಲ್ಲ ಕಾಳೂ ಒಂದೇ ಬಣ್ಣ. ಕೊಯ್ಲಿಗೆ ವಾರ ಮುಂಚೆ, ನಿಂತ ಪೈರಿನಲ್ಲಿಯೇ, ಕುತ್ತಿಗೆ ಕಪ್ಪಾಗದ ಗಿಡಗಳ ತುಂಬಿದ ತೆನೆಗಳನ್ನು ಆರಿಸಿ ಮುರಿದು, ಬೇರೆಯಾಗಿ ಒಣಗಿಸಿ ಬಡಿದು, ಜಾತಿಯ ಹೆಸರನ್ನು ಬರೆದು ಕಟ್ಟಿಡಬೇಕು. ಹಳ್ಳಿಯಲ್ಲಿ ಯಾವ ಮನೆಯವರ ಹತ್ತಿರ ಯಾವ ಜಾತಿಯ ಬೀಜವಿದೆಯೆಂಬ ಪಟ್ಟಿಯೊಂದನ್ನು ಪಟೇಲರು ಮುಂಗಾರಿಗೆ ಮುಂಚೆ ಬರೆದಿಟ್ಟುಕೊಂಡರೆ, ಬೀಜ ತಪ್ಪಿದವರಿಗೆ ಎಲ್ಲಿಗೆ ಹೋಗಬೇಕೆಂಬುದು ತಿಳಿಯುವುದು.